ಮುರದ ತೊಲಿ, ನೂರು ಮೀಟರ್ ಮತ್ತ ಒಂದು ಶಬ್ದ: ಐಹೊಳಿಯ ಒಂದು ಮನಿ ಪ್ರಕರಣ

ಜುಲೈ ತಿಂಗಳ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ಸ್ವಾದರಮಾವನ ಮನಿ ಪಡಸಾಲಿ ತೊಲಿ ಮುರೀತು. ಮೊದ್ಲ ಸಣ್ಣಗ ಚಟಚಟ ಅಂತಂತ, ಅತ್ತಿ ಇಲಿ ಇರಬೇಕು ಅಂದ್ಕೊಂಡು ಮಗ್ಗಲಾದ್ರಂತ, ಎರಡು ಮಿನಿಟಿಗೆ ಮ್ಯಾಲಿನ ಮಣ್ಣೆಲ್ಲಾ ಧಡ್ ಅಂತ ಕೆಳಗ. ದಿನಾ ಅಲ್ಲೇ ಮಲಗತಿದ್ದ ನಮ್ಮ ಅಜ್ಜಿ ಆವತ್ತು ಥಂಡಿ ಅಂತ ನಡುಮನಿಯೊಳಗ ಮಲಗಿದ್ರು, ಅದಕ್ಕ ಉಳದ್ರು. ಮುಂಜಾನೆ ನಾ ಬಾಗಲಕೋಟಿಯಿಂದ ಹೋಗಿ ನೋಡಿದಾಗ ಅಜ್ಜಿ ಹಾಸಿಗಿ ಇರೂ ಜಾಗದಾಗ ಮಣಕಾಲುದ್ದ ಮಣ್ಣು ಬಿದ್ದಿತ್ತು, ಮ್ಯಾಲೆ ಆಕಾಶ ಕಾಣತಿತ್ತು, ಅದರ ಪಕ್ಕಕ್ಕ ಗುಡಿಯ ಶಿಖರ.

ಆ ಶಿಖರನ ಈ ಪ್ರಕರಣದ ಮುಖ್ಯ ವಿಷಯ. ಮನಿ ಇರೂದು ಹುನಗುಂದ ತಾಲ್ಲೂಕಿನ ಐಹೊಳಿಯೊಳಗ, ಹಿಂದಿನ ಗ್ವಾಡಿಯಿಂದ ಸಂರಕ್ಷಿತ ಗುಡಿಯ ತಂತಿ ಬೇಲಿಗೆ ಟೇಪ್ ಹಿಡದ್ರ 28 ಮೀಟರ್. ಬೇರೆ ಊರಾಗ ತೊಲಿ ಮುರದ್ರ ಬಡಿಗ್ಯಾನ್ನ ಕರೀತಾರ, ಇಲ್ಲಿ ಮೊದ್ಲ ಕಾನೂನು ಕೇಳಬೇಕು. ನಮ್ಮ ಮನಿಯವ್ರಿಗೆ ಯಾರಿಗೂ ಆ ಕಾನೂನು ಏನು ಹೇಳತೈತಿ ಅನ್ನೂದು ಸರಿಯಾಗಿ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ತಿಳಕೊಳ್ಳಾಕ ನಮಗ ಒಂದು ಇಡೀ ಮಳಿಗಾಲ ಹಿಡೀತು. ಅದಕ್ಕ ಎಲ್ಲಾ ಬರದಿಡಾಕತ್ತೀನಿ, ಇಂಥಾ ಮನಿ ಐಹೊಳಿಯೊಳಗ ಒಂದಲ್ಲ, ಪಟ್ಟದಕಲ್ಲು ಬದಾಮಿ ವಿಜಾಪುರ ಎಲ್ಲಾ ಕಡೆ ಅದಾವು.

ಮನಿ ಹೆಂಗಿತ್ತು ಅಂತ ಮೊದ್ಲ ಹೇಳ್ತೀನಿ. ಎರಡು ಫೂಟು ದಪ್ಪ ಕಲ್ಲಿನ ಗ್ವಾಡಿ, ಮಣ್ಣಿನ್ಯಾಗ ಕಟ್ಟಿದ್ದು, ನಡುವ ಕಟಗಿ ಕಂಬ, ಕಂಬದ ಮ್ಯಾಲೆ ತೊಲಿ, ತೊಲಿ ಮ್ಯಾಲೆ ಜಂತಿ, ಜಂತಿ ಮ್ಯಾಲೆ ಸಣ್ಣ ಕಟಗಿ ತುಂಡು, ಬೇವಿನ ತಪ್ಪಲ, ಆಮ್ಯಾಲೆ ಮಣ್ಣು, ಎಲ್ಲಾಕಿಂತ ಮ್ಯಾಲೆ ಸವಳು ಮಣ್ಣು. ಈ ಮಾಳಗಿಗೆ ಪ್ರತಿವರ್ಷ ಮಳಿಗಾಲಕ್ಕಿಂತ ಮೊದ್ಲ ಸವಳು ಹಾಕಿ ಬಡದು ಗಟ್ಟಿ ಮಾಡಬೇಕು. ಅಜ್ಜ ಇರೂತನಕ ಮಾಡತಿದ್ರು. ಅಜ್ಜ ಹೋದಮ್ಯಾಲೆ ಆ ಕೆಲಸ ನಿಂತು, ಮ್ಯಾಲೆ ತಾಡಪತ್ರಿ ಬಂತು. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ಹೊಳಿ ತುಂಬಿ ಪಟ್ಟದಕಲ್ಲಿನ ಗುಡಿ ಆವರಣದೊಳಗ ನೀರು ಹೊಕ್ಕಿದ್ದು ಎಲ್ಲಾರಿಗೂ ನೆನಪೈತಿ, ಆ ವರ್ಷ ನಮ್ಮ ಮಾವನ ಮನಿಗೆ ಹೊಳಿ ನೀರು ಮುಟ್ಟಲಿಲ್ಲ, ಆದ್ರ ದಿನಗಟ್ಟಲೆ ಹಿಡದ ಮಳಿಗೆ ಪಡಸಾಲಿ ಗ್ವಾಡಿ ಬುಡತನಕ ನೆಂದಿತ್ತು, ತೊಲಿಯ ತುದಿ ಗ್ವಾಡಿಯೊಳಗ ಹೊಕ್ಕಿರತೈತಲ್ಲ, ಅಲ್ಲಿ ತೇವ ಹಿಡದು ಗೆದ್ದಲ ಹತ್ತಿ ಒಳಗಿಂದೊಳಗ ಪೊಳ್ಳಾಗಿತ್ತು. ಮುರದ ತುದಿ ಕೈಯ್ಯಾಗ ತಗೊಂಡು ಒತ್ತಿದ್ರ ರವಾದಂಗ ಉದರತಿತ್ತು, ಹೊರಗಿಂದ ನೋಡಿದ್ರ ಮಾತ್ರ ಬಣ್ಣ ಹಚ್ಚಿದ ಗಟ್ಟಿ ತೊಲಿನ.

ಮರುದಿನನ ಮನಿ ತುಂಬ ಮಂದಿ, ಎಲ್ಲಾರೂ ಬುದ್ಧಿ ಹೇಳವ್ರ. ಎರಡು ತರದ ಮಾತು ಬಂದ್ವು. ಒಂದು, "ಇಲ್ಲಿ ಒಂದು ಕಲ್ಲು ಅಲುಗಿಸಿದ್ರೂ ಕೇಸು, ಮನಿ ಬಿಟ್ಟು ಹೋಗೂದ ದಾರಿ." ಇನ್ನೊಂದು, ಅದೂ ನಮ್ಮ ಬೀಗರ ಪೈಕಿ ಒಬ್ರು ಬಾಳ ಧೈರ್ಯದಿಂದ ಹೇಳಿದ್ದು, "ಶನಿವಾರ ಸಂಜಿಗೆ ಎಲ್ಲಾ ಕೆಡವ್ರಿ, ರವಿವಾರ ರಾತ್ರಿಯೊಳಗ ಕಾಲಮ್ ಎಬ್ಬಿಸಿ ಸ್ಲ್ಯಾಬ್ ಹಾಕ್ರಿ, ಸೋಮವಾರ ಯಾರು ಬಂದು ಏನ್ ಮಾಡ್ತಾರ?" ಮಾವ ಎರಡನೇ ಮಾತಿಗೆ ಅರ್ಧ ಒಪ್ಪಿದ್ರು. ಮುದುಕಿ ತಾಯಿ, ಬಿದ್ದ ಮಾಳಗಿ, ಮ್ಯಾಲೆ ಮಳಿ, ಅಂಥಾ ಹೊತ್ತಿನ್ಯಾಗ ಯಾರರ ಒಪ್ಪತಾರ. ಗಾಡಿ ಉಸುಕಿಗೂ ಹೇಳಿದ್ರು. ನಾ ಮಾತ್ರ ನಾಲ್ಕು ದಿನ ತಡ್ಕೊಳ್ರಿ ಮಾವಾ, ಓದಿ ನೋಡೂಣು ಅಂದೆ. ಆ ನಾಲ್ಕು ದಿನ ಅವ್ರು ತಡದಿದ್ದಕ್ಕ ಇವತ್ತು ಮನಿ ಐತಿ.

ಓದಿದಾಗ ತಿಳದದ್ದು ಇಷ್ಟು. ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು. 1992ರ ಜೂನ್ 16ಕ್ಕ ಒಂದು ಅಧಿಸೂಚನೆ ಬಂತು, ಸಂರಕ್ಷಿತ ಜಾಗದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಮತ್ತ 200 ಮೀಟರ್ ನಿಯಂತ್ರಿತ ಅಂತ. 2010ರ ತಿದ್ದುಪಡಿ ಅದನ್ನ ಕಾಯ್ದೆಯೊಳಗ ಸೇರಿಸಿ ಬಿಗಿ ಮಾಡಿತು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಅಂತ ಒಂದನ್ನ ಮಾಡಿತು. 100 ಮೀಟರ್ ಎಣಿಸೂದು ಗುಡಿ ಗ್ವಾಡಿಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಅದರೊಳಗ ಹೊಸಾ ಕಟ್ಟಡ ಕಟ್ಟಿದ್ರ ಎರಡು ವರ್ಷದತನಕ ಜೇಲು ಇಲ್ಲಾ ಒಂದು ಲಕ್ಷದತನಕ ದಂಡ, ಇಲ್ಲಾ ಎರಡೂ. ಇಷ್ಟು ಊರಿಗೆಲ್ಲಾ ಗೊತ್ತೈತಿ.

ಊರಿಗೆ ಗೊತ್ತಿಲ್ಲದ್ದು ಅದೇ ಕಾಯ್ದೆಯ 20ಸಿ ಕಲಮು. ನಿಷೇಧಿತ ಜಾಗದಾಗ 1992ರ ಜೂನ್ 16ಕ್ಕಿಂತ ಮೊದ್ಲಿಂದ ಇರೂ ಮನಿಯ ಮಾಲೀಕ ರಿಪೇರಿ ಇಲ್ಲಾ ನವೀಕರಣಕ್ಕ ಸಕ್ಷಮ ಪ್ರಾಧಿಕಾರಕ್ಕ, ಅಂದ್ರ ಪರವಾನಗಿ ಕೊಡೂ ಅಧಿಕಾರಿಗೆ, ಅರ್ಜಿ ಹಾಕಬಹುದು. ಅಂದ್ರ ಕಾನೂನಿನೊಳಗ ಒಂದು ಬಾಗಲಾ ಐತಿ, ಸಣ್ಣದು, ಆದ್ರ ಐತಿ. ಆ ಬಾಗಲಾ ಎಷ್ಟು ಸಣ್ಣದು ಅನ್ನೂದು ವ್ಯಾಖ್ಯಾನ ಓದಿದ್ರ ತಿಳೀತೈತಿ. ಕಾಯ್ದೆ ಮೂರು ಶಬ್ದನ್ನ ಬ್ಯಾರೆ ಬ್ಯಾರೆ ಇಟ್ಟೈತಿ: ನಿರ್ಮಾಣ, ಮರುನಿರ್ಮಾಣ, ರಿಪೇರಿ-ನವೀಕರಣ. ಮರುನಿರ್ಮಾಣ ಅಂದ್ರ ಇದ್ದ ಅಳತಿ ಇದ್ದ ಎತ್ತರಕ್ಕ ಮತ್ತ ಎಬ್ಬಿಸೂದು. ರಿಪೇರಿ ಅಂದ್ರ ಇದ್ದ ಕಟ್ಟಡದೊಳಗ ಬದಲಾವಣೆ, ಅದರೊಳಗ ನಿರ್ಮಾಣನೂ ಬರಂಗಿಲ್ಲ, ಮರುನಿರ್ಮಾಣನೂ ಬರಂಗಿಲ್ಲ. ನೂರು ಮೀಟರ್ ಒಳಗ 20ಸಿ ಕೊಡೂದು ರಿಪೇರಿಗೆ ಮಾತ್ರ.

ಇದನ್ನ ಮಾವನ ಮುಂದ ಕುಂತು ಹೇಳಿದಾಗ ಅವ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಬಿದ್ದದ್ದು ಎತ್ತಿ ನಿಲ್ಲಿಸಿದ್ರ ರಿಪೇರಿ, ನಾವ ಕೆಡವಿದ್ರ ಹೊಸಾ ಮನಿ, ಹೌದಿಲ್ಲೋ?" ಅಂದ್ರು. ಅಷ್ಟ ಚೊಲೊ ನನಗೂ ಹೇಳಾಕ ಬಂದಿರಲಿಲ್ಲ. ಆ ರವಿವಾರ ಕೆಡವಿದ್ರ ಏನಾಗತಿತ್ತು ವಿಚಾರ ಮಾಡ್ರಿ, ಸ್ಲ್ಯಾಬಿಗೆ ಕೇಸು ಆಗತಿತ್ತು, ಅದು ಹೋಗ್ಲಿ, ಮನಿ ಮೊದ್ಲಿಂದ ಐತಿ ಅಂತ ತೋರಸಾಕ ಹಳೇ ಗ್ವಾಡಿನೂ ಉಳೀತಿರಲಿಲ್ಲ. ಗ್ವಾಡಿ ನಿಂತಿರೂದ ನಮ್ಮ ಹಕ್ಕು. ಉಸುಕಿನ ಗಾಡಿಯವಂಗ ಮಾವ ಅಲ್ಲೇ ಫೋನ್ ಹಚ್ಚಿ ಬ್ಯಾಡ ಅಂದ್ರು.

ಈಗ ಒಂದು ಮಾತು ಕಾನೂನಿನ ಪರವಾಗೂ ಹೇಳಬೇಕು. ನಮ್ಮ ಭಾಗದ ಗುಡಿಗಳು ಮರಳುಗಲ್ಲಿನವು, 6ನೇ ಶತಮಾನದಿಂದ ಕಟ್ಟತಾ ಬಂದವು, ಪಕ್ಕಕ್ಕ ಬುನಾದಿ ಅಗದ್ರ, ಬೋರ್ ಹೊಡದ್ರ, ಬಚ್ಚಲ ನೀರು ಬುಡಕ್ಕ ಬಿಟ್ರ ಅದರ ಪರಿಣಾಮ ಇವತ್ತಲ್ಲ ನಾಳೆ ಕಾಣತೈತಿ. ನೆಲದೊಳಗ ಇನ್ನೂ ಏನೇನೈತೋ. ಐಹೊಳಿ ಅಂದ್ರ ಒಂದು ಗುಡಿ ಅಲ್ಲ, ನೂರಕ್ಕೂ ಮಿಕ್ಕಿ ಗುಡಿ ಅದಾವು, ಗುಡ್ಡದ ಮ್ಯಾಲೆ, ಹೊಳಿ ದಂಡಿಗೆ, ಓಣಿಯೊಳಗ. ಕಾನೂನು ಬರೂಕಿಂತ ಮೊದ್ಲ ಎಷ್ಟು ಕಲ್ಲು ಎಷ್ಟು ಮನಿ ಗ್ವಾಡಿಗೆ ಹೋಗ್ಯಾವ ಅಂತ ಓಣಿಯೊಳಗ ಅಡ್ಡಾಡಿದ್ರ ಗೊತ್ತಾಗತೈತಿ, ನಮ್ಮ ಮಾವನ ಮನಿ ಹೊಸ್ತಿಲ ಪಕ್ಕದ ಕಲ್ಲಿನ ಮ್ಯಾಲೂ ಸವದ ಹೂವಿನ ಕೆತ್ತನಿ ಐತಿ.

ಆದ್ರ ಲೆಕ್ಕ ಒಮ್ಮೆ ಮಾಡಿ ನೋಡ್ರಿ. ಗಡಿನ ಇಲ್ಲ, ಒಂದು ಬಿಂದು ಅಂತ ಹಿಡದ್ರೂ 100 ಮೀಟರ್ ತ್ರಿಜ್ಯದ ವರ್ತುಲ ಅಂದ್ರ 7 ಮುಕ್ಕಾಲು ಎಕರೆ, 300 ಮೀಟರ್ ಅಂದ್ರ ಹತ್ತಹತ್ರ 70 ಎಕರೆ. ದೇಶದಾಗ ಸುಮಾರು 3,700 ಕೇಂದ್ರ ಸಂರಕ್ಷಿತ ಸ್ಮಾರಕ ಅದಾವು, ಕರ್ನಾಟಕದಾಗ 500ಕ್ಕೂ ಹೆಚ್ಚು. ಗೋಳಗುಮ್ಮಟ ಇರಲಿ, ಓಣಿಯೊಳಗಿನ ಒಂದು ಸಣ್ಣ ಗುಡಿ ಇರಲಿ, ಅದ ನೂರು ಮೀಟರ್. ಬಯಲಾಗ ಒಂದ ಸ್ಮಾರಕ ಇದ್ರ ಅಡ್ಡಿ ಇಲ್ಲ. ಐಹೊಳಿಯಂಥಾ ಊರಾಗ ಒಂದು ವರ್ತುಲ ಮುಗಿಯೂದರೊಳಗ ಇನ್ನೊಂದು ಚಾಲೂ ಆಗತೈತಿ, ಊರ ನಡುವಿನ ಓಣಿಯವ್ರಿಗೆ ವರ್ತುಲದ ಹೊರಗ ಹೋಗಾಕ ಜಾಗನ ಇಲ್ಲ. ಪ್ರತಿಯೊಂದು ಸ್ಮಾರಕಕ್ಕ ಅದರದ್ದ ಉಪವಿಧಿ, ಅಂದ್ರ ಆ ಜಾಗಕ್ಕ ತಕ್ಕ ನಿಯಮ, ಮಾಡಬೇಕು ಅಂತ 20ಇ ಕಲಮು ಹೇಳತೈತಿ, ಆದ್ರ ಆ ಉಪವಿಧಿ ಬಂದ್ರೂ ನಿಷೇಧಿತ ನೂರು ಮೀಟರ್ ಕಡಿಮಿ ಆಗಂಗಿಲ್ಲ.

ಇನ್ನ ಐಹೊಳಿ ಜನ ಗುಡಿಗೆ ಹೊರಗಿನವ್ರಲ್ಲ ಅನ್ನೂದನ್ನ ಯಾರೂ ನೆನಪಿಟ್ಟಂಗಿಲ್ಲ. ಹೆಸರ ನೋಡ್ರಿ, ಲಾಡಖಾನ ಗುಡಿ ಅಂತ ಹೆಸರು ಬಂದದ್ದ ಅದರೊಳಗ ಒಬ್ಬ ಲಾಡಖಾನ ಅನ್ನಾವ ಇದ್ದಿದ್ದಕ್ಕ. ಗೌಡರ ಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ, ಇವೆಲ್ಲಾ ಕಟ್ಟಿದವ್ರ ಹೆಸರಲ್ಲ, ಬಾಳೇವು ಮಾಡಿದವ್ರ ಹೆಸರು. ದುರ್ಗದ ಗುಡಿ ಅಂದ್ರ ದುರ್ಗಾ ದೇವಿ ಗುಡಿ ಅಲ್ಲ, ಕೋಟಿಗೆ ಹತ್ತಿದ ಗುಡಿ. ಊರವ್ರ ಬಾಯಾಗಿನ ಹೆಸರ ಇವತ್ತು ಪುಸ್ತಕದಾಗ, ಬೋರ್ಡಿನ ಮ್ಯಾಲೆ. ಹೆಸರು ಬೇಕು, ಮಂದಿ ಬ್ಯಾಡ ಅನ್ನೂದು ಹೆಂಗಾಗತೈತಿ.

ಮುಂದಿನ ಕೆಲಸ, ಮನಿ 1992ಕ್ಕಿಂತ ಮೊದ್ಲಿಂದ ಐತಿ ಅಂತ ತೋರಸೂದು. ಇದು ಸುಲಭ ಅಂತ ನಾವು ತಿಳದಿದ್ವಿ. ಊರಿಗೆಲ್ಲಾ ಗೊತ್ತೈತಿ ಅದು ಮಾವನ ಅಜ್ಜ ಕಟ್ಟಿಸಿದ ಮನಿ ಅಂತ, ಆದ್ರ ಊರಿಗೆ ಗೊತ್ತಿರೂದು ಕಾಗದ ಅಲ್ಲ. ಉತಾರ, ಅಂದ್ರ ಮಾಲ್ಕಿ ದಾಖಲಿ, ತಗಸಿದ್ರ ಅದರಾಗ ಮಾವನ ಹೆಸರಿಗೆ ವರ್ಗ ಆದ ತೇದಿ ಮಾತ್ರ, ಅದು 2004. ಹಳೇ ಕರ ಪಾವತಿ ಅಜ್ಜ ಒಂದು ತಗಡಿನ ಪೆಟಗಿಯೊಳಗ ಇಟ್ಟಿದ್ರು, ಪೆಟಗಿ ಪಡಸಾಲಿಯೊಳಗ ಇತ್ತು, ಮಣ್ಣಿನೊಳಗಿಂದ ತಗದಾಗ ಕೆಲವು ಓದಾಕ ಬರತಿದ್ವು ಕೆಲವು ಇಲ್ಲ, ಓದಾಕ ಬಂದವುಗಳಾಗ ಹಳೇದು 1996ರದ್ದು. ನಾಲ್ಕು ವರ್ಷ ಕಡಿಮಿ ಬಿತ್ತು. ಮೇಗುತಿ ಗುಡ್ಡದ ಬಸದಿ ಗ್ವಾಡಿಮ್ಯಾಲೆ ರವಿಕೀರ್ತಿ ಬರಸಿದ ಶಾಸನ ಐತಲ್ಲ, ಇಮ್ಮಡಿ ಪುಲಿಕೇಶಿದು, ಅದರಾಗ ಶಕ 556 ಅಂತ ತೇದಿನೂ ಐತಿ, ಅಂದ್ರ 634ನೇ ಇಸವಿ. ಮಾವ ಆವತ್ತು ಸಂಜಿಗೆ ಕಟ್ಟಿಮ್ಯಾಲೆ ಕುಂತು ಗುಡ್ಡದ ಕಡೆ ನೋಡಿ, "ನಮ್ಮ ಅಜ್ಜನೂ ಒಂದು ಕಲ್ಲಿಗೆ ತೇದಿ ಹೊಡಸಿದ್ರ ಆಗತಿತ್ತು ತಮ್ಮಾ" ಅಂದ್ರು. ಅವ್ರ ದನಿಯೊಳಗ ದಣಿವಿತ್ತು.

ಪುರಾವೆ ಸಿಕ್ಕಿದ್ದು ನಮ್ಮ ಮನಿಯೊಳಗ, ನಮ್ಮವ್ವನ ಟ್ರಂಕಿನ್ಯಾಗ. ಅವ್ವನ ಮದಿವಿ ಫೋಟೋ, 1987ರದ್ದು. ಮದಿವಿ ಐಹೊಳಿ ಮನಿ ಮುಂದನ ಆಗಿದ್ದು, ಫೋಟೋದಾಗ ಅಪ್ಪ ಅವ್ವ ಬಾಸಿಂಗ ಕಟ್ಕೊಂಡು ನಿಂತಾರ, ಹಿಂದ ಬಾಗಲ ಚೌಕಟ್ಟು ಸ್ಪಷ್ಟಾಗಿ ಕಾಣತೈತಿ, ಚೌಕಟ್ಟಿನ ಎಡಕ್ಕ ಆ ಹೂವಿನ ಕಲ್ಲು, ಮಾಳಗಿ ಅಂಚು, ಅದರ ಮ್ಯಾಲೆ ಗುಡಿ ಶಿಖರದ ತುದಿ. ಫೋಟೋ ಹಿಂದ ಸ್ಟುಡಿಯೋದವ್ರ ಶಿಕ್ಕಾ, ನೀಲಿ ಶಾಯಿ, ತೇದಿ ಸಮೇತ. ನಾ ಮರುದಿನ ಅದ ಜಾಗದಾಗ ನಿಂತು ಅದ ಕೋನದಿಂದ ಮೊಬೈಲಿನ್ಯಾಗ ಇನ್ನೊಂದು ಫೋಟೋ ತಗದೆ. ಕಲ್ಲು, ಚೌಕಟ್ಟು, ಶಿಖರ ಮೂರೂ ಅಲ್ಲೇ. ಎರಡೂ ಫೋಟೋ ಪಕ್ಕಪಕ್ಕಕ್ಕ ಇಟ್ಟು ಪ್ರಿಂಟ್ ತಗಸಿದ್ವಿ. ಅದರ ಜೊತಿಗೆ ಕೆಇಬಿ ಕಾಲದ ಒಂದು ಕರೆಂಟ್ ಬಿಲ್ಲು ಅತ್ತಿ ದೇವ್ರ ಜಗಲಿ ಕೆಳಗಿಂದ ತಗದ್ರು, 1990ರದ್ದು, ದೀಪದ ಎಣ್ಣಿ ಹತ್ತಿ ಅರ್ಧ ಕಂದಾಗಿತ್ತು ಆದ್ರ ನಂಬರ್ ಕಾಣತಿತ್ತು.

ಅರ್ಜಿ ಆನ್‌ಲೈನ್ ಪೋರ್ಟಲಿನ್ಯಾಗ ಹಾಕೂದು. ಮಾಲ್ಕಿ ಕಾಗದ, ಫೋಟೋ, ಜಾಗದ ನಕ್ಷೆ, ಈಗಿನ ಮನಿ ಡ್ರಾಯಿಂಗು, ಏನು ಮಾಡಬೇಕು ಅಂತೀವೋ ಅದರ ಡ್ರಾಯಿಂಗು. ಡ್ರಾಯಿಂಗಿಗೆ ಬಾಗಲಕೋಟಿಯ ಒಬ್ಬ ಹುಡುಗನ್ನ ಹಿಡದ್ವಿ, ಆರು ಸಾವಿರ ತಗೊಂಡ, ಕೆಲಸ ಚೊಲೊ ಮಾಡಿದ್ದ, ಅಳತಿ ಎಲ್ಲಾ ಸರಿ. ಆದ್ರ ನಕ್ಷೆಯ ತಲಿಬರಹದಾಗ ತನ್ನ ರೂಢಿ ಪ್ರಕಾರ "ಮನೆ ಮರುನಿರ್ಮಾಣದ ನಕ್ಷೆ" ಅಂತ ಹಾಕಿದ್ದ, ಪ್ಯಾರಪೆಟ್ ಗ್ವಾಡಿನೂ ಎರಡು ಫೂಟು ಎತ್ತರ ಎಳದಿದ್ದ, ಅವ ಬರಿಯೂ ಎಲ್ಲಾ ಮನಿಗೂ ಹಂಗ ಎಳೀತಾನ. ನಾ ನೋಡಿದೆ, ನೋಡಿನೂ ಬಿಟ್ಟೆ, ಮೂರು ಶಬ್ದದ ವ್ಯತ್ಯಾಸ ಮಾವಗ ತಿಳಿಸಿದಾವ ನಾನ ಆಗಿದ್ದೆ. ಹತ್ತು ವಾರ ಆದಮ್ಯಾಲೆ ಅರ್ಜಿ ವಾಪಸ್ ಬಂತು, ನಿಷೇಧಿತ ಪ್ರದೇಶದಾಗ ಮರುನಿರ್ಮಾಣಕ್ಕ ಅವಕಾಶ ಇಲ್ಲ ಅಂತ. ಒಂದು ಶಬ್ದಕ್ಕ ಹತ್ತು ವಾರ. ನನಗ ಬಾಳ ಕೆಟ್ಟನಿಸ್ತು, ಮಾವ ಏನೂ ಅನ್ನಲಿಲ್ಲ, ಅತ್ತಿನೂ ಏನೂ ಅನ್ನಲಿಲ್ಲ, ಚಾ ಕೊಟ್ರು.

ಆ ಹೊತ್ತಿಗೆ ಪಡಸಾಲಿ ಮ್ಯಾಲೆ ತಾಡಪತ್ರಿ, ಕೆಳಗ ಮೂರು ಬಿದರಿನ ಗಳ ಊರುಗೋಲು ಕೊಟ್ಟು ನಿಲ್ಲಿಸಿದ್ರು. ಗಾಳಿ ಬಂದ್ರ ರಾತ್ರಿಯೆಲ್ಲಾ ತಾಡಪತ್ರಿ ಪಟಪಟ ಅನ್ನೂದು, ಅಜ್ಜಿ ಎದ್ದು ಕುಂದ್ರೂದು. ಕಾಯ್ದೆ ಪ್ರಕಾರ ಸಕ್ಷಮ ಪ್ರಾಧಿಕಾರ 15 ದಿನದೊಳಗ ಅರ್ಜಿನ್ನ ದಿಲ್ಲಿಯ ಸ್ಮಾರಕ ಪ್ರಾಧಿಕಾರಕ್ಕ ಕಳಸಬೇಕು, ಅವ್ರು ಎರಡು ತಿಂಗಳೊಳಗ ಅಭಿಪ್ರಾಯ ಕೊಡಬೇಕು, ಆಮ್ಯಾಲೆ ಒಂದು ತಿಂಗಳೊಳಗ ಹೌದೋ ಅಲ್ಲೋ ಹೇಳಬೇಕು. ಅಂದ್ರ ಎಲ್ಲಾ ಸರಿ ಇದ್ರೂ ಮೂರೂವರಿ ತಿಂಗಳು, ನಮ್ಮ ಕಡೆ ಮಳಿಗಾಲ ಅಷ್ಟ ಇರೂದು. ಬಿದ್ದ ಮಾಳಗಿಗೂ ಹೋಟೆಲ್ ಕಟ್ಟಾವಂಗೂ ಒಂದ ಸಾಲು. ಇದು ಈ ಪ್ರಕರಣದಾಗ ನನಗ ಎಲ್ಲಾಕಿಂತ ತಪ್ಪು ಅನಿಸಿದ ಮಾತು. ಮ್ಯಾಲಿನ ಮಾಳಗಿ ಬಿದ್ದಾಗ, ಒಳಗ ಮಂದಿ ಇದ್ದಾಗ, ಅಂಥಾ ಅರ್ಜಿ ವಾರದೊಳಗ ನೋಡೂ ಒಂದು ಬ್ಯಾರೆ ದಾರಿ ಬೇಕ ಬೇಕು, ಊರಾಗ ಬಂದು ಕಣ್ಣಾರೆ ನೋಡಿ ಸಹಿ ಹಾಕೂ ಅಧಿಕಾರ ಸ್ಥಳೀಯ ಆಫೀಸರಿಗೆ ಕೊಡಬೇಕು.

ಎರಡನೇ ಅರ್ಜಿ "ಹಾಳಾದ ಮಾಳಗಿಯ ರಿಪೇರಿ" ಅಂತ ಹಾಕಿದ್ವಿ. ಪ್ಯಾರಪೆಟ್ ತಗದ್ವಿ. ಎತ್ತರ ಈಗಿದ್ದಷ್ಟ, ಉದ್ದ ಅಗಲ ಈಗಿದ್ದಷ್ಟ, ಬುನಾದಿ ಮುಟ್ಟಂಗಿಲ್ಲ, ಕಟಗಿಗೆ ಕಟಗಿ, ಮಣ್ಣಿಗೆ ಮಣ್ಣು ಅಂತ ಬರದ್ವಿ. ಅಳತಿ ಮಾಡಾಕ ಬಂದವ್ರು ಟೇಪ್ ಹಿಡದು ಬೇಲಿಯಿಂದ ಗ್ವಾಡಿತನಕ ಅಳದು, ಫೋಟೋ ಎರಡೂ ಬಾಳ ಹೊತ್ತು ನೋಡಿದ್ರು, ಅವರೊಳಗ ಒಬ್ರು ಶಿಖರದ ತುದಿಗೆ ಬಟ್ಟ ಇಟ್ಟು, "ಇದೊಂದ ಸಾಕ್ರಿ" ಅಂದ್ರು. ಸಂಕ್ರಾಂತಿ ಆದ ಮುಂದಿನ ವಾರ ಪರವಾನಗಿ ಬಂತು. ಶರತ್ತು ನಾಲ್ಕೈದಿದ್ವು, ಅಳತಿ ಮೀರಬಾರದು, ಬಿಡಿ ಕಲ್ಲು ಕೆತ್ತನಿ ಸಿಕ್ಕರ ಕೆಲಸ ನಿಲ್ಲಿಸಿ ತಿಳಸಬೇಕು, ಹಿಂಗ.

ತೊಲಿ ಸಿಕ್ಕಿದ್ದು ಗುಳೇದಗುಡ್ಡದಾಗ, ಅಲ್ಲಿ ಯಾರೋ ಹಳೇ ಮನಿ ಕೆಡವಿ ಕಟಗಿ ಮಾರತಿದ್ರು, ಸಾಗವಾನಿ, ಹದಿನಾಲ್ಕು ಫೂಟು. ಬಡಿಗೇರ ಕಾಕಾ ಅದನ್ನ ಕೈಮುಷ್ಟಿಯಿಂದ ತುದಿಯಿಂದ ತುದಿತನಕ ಕುಟ್ಟಕೋತ ಹೋಗಿ, ಕಿವಿಗೊಟ್ಟು ಕೇಳಿ, ನಡುವ ಒಂದ ಕಡೆ ನಿಂತು ಎರಡು ಸಲ ಕುಟ್ಟಿ, ಆಮ್ಯಾಲೆ ಹೂಂ ಅಂದ್ರು. ಗ್ವಾಡಿಯೊಳಗ ಹೋಗೂ ಎರಡೂ ತುದಿಗೆ ಡಾಂಬರು ಬಳದ್ರು, ಸುತ್ತ ಗಾಳಿ ಆಡಾಕ ಎರಡು ಬಟ್ಟಿನಷ್ಟು ಸಂದಿ ಬಿಟ್ರು, ಮೊದ್ಲಿನವ್ರು ಮಣ್ಣು ಮೆತ್ತಿ ಪೂರಾ ಮುಚ್ಚಿದ್ದಕ್ಕ ತೇವ ಒಳಗ ಕುಂತು ಕೊಳತೈತಿ ಅಂದ್ರು. ಎಂಟು ಮಂದಿ ಸೇರಿ ತೊಲಿ ಎತ್ತಿದ್ರು. ಸವಳು ಹೊಲದಿಂದ ನಾಲ್ಕು ಟ್ರ್ಯಾಕ್ಟರ್ ಬಂತು. ಒಟ್ಟು ಖರ್ಚು ಒಂದು ಲಕ್ಷ ಎಪ್ಪತ್ತು ಸಾವಿರದ ಹತ್ರ ಹೋತು, ಸ್ಲ್ಯಾಬಿನಷ್ಟು ಅಲ್ಲ ಅಂತ ಮಾವ ಸಮಾಧಾನ ಮಾಡ್ಕೊಂಡ್ರು. ಬ್ಯಾಸಗಿಯೊಳಗ ಆ ಪಡಸಾಲಿಯೊಳಗ ಮಧ್ಯಾಹ್ನ ಮಲಗಿದ್ರ ಫ್ಯಾನ್ ಬೇಕಾಗಂಗಿಲ್ಲ, ಇದನ್ನ ಬಾಗಲಕೋಟಿ ಆರ್‌ಸಿಸಿ ಮನಿಯೊಳಗ ಬೇಯೂ ನಾ ಖರೇನ ಹೇಳತೀನಿ.

ಬಗೆಹರಿಯದ್ದೂ ಐತಿ. ಮಾವನ ಮಗನ ಲಗ್ನ ಆತು, ಅವಂಗ ಒಂದು ಖೋಲಿ ಬೇಕು. ಹಿತ್ತಲದಾಗ ಜಾಗ ಐತಿ, ಕಟ್ಟಂಗಿಲ್ಲ, ಮ್ಯಾಲೆ ಏರಸಂಗಿಲ್ಲ, ಹೊಸಾ ಖೋಲಿಗೆ 20ಸಿ ಕಲಮಿನ್ಯಾಗ ದಾರಿ ಇಲ್ಲ. ಚರಂಡಿ, ಸಾರ್ವಜನಿಕ ಶೌಚಾಲಯ, ಊರ ನೀರಿನ ಪೈಪು, ಕರೆಂಟ್ ಲೈನು, ಇವುನ್ನ ಕಾಯ್ದೆ ನಿರ್ಮಾಣ ಅಂತ ಹಿಡಿಯಂಗಿಲ್ಲ, ಆದ್ರ ಹಿತ್ತಲದಾಗ ಸ್ವಂತಕ್ಕ ಒಂದು ಸಂಡಾಸ ಕಟ್ಟಿಸೂದು ಆ ಪಟ್ಟಿಯೊಳಗ ಬರಂಗಿಲ್ಲ, ಎಂಬತ್ತು ದಾಟಿದ ಅಜ್ಜಿ ಇವತ್ತೂ ಚರಗಿ ಹಿಡಕೊಂಡು ಹೊರಗ ಹೋಗ್ತಾರ. ಮಗ ಸೊಸಿ ಅಮೀನಗಡದಾಗ ಬಾಡಗಿ ಮನಿ ಹಿಡದಾರ. ಊರು ಸ್ಥಳಾಂತರ ಮಾಡೂ ಮಾತು ನಾ ಸಣ್ಣಾವ ಇದ್ದಾಗಿಂದ ಕೇಳಾಕತ್ತೀನಿ, ಆ ಮಾತು ತೂಗುಯ್ಯಾಲಿ ಇದ್ದಂಗ, ಅದಿರೂತನಕ ಯಾರೂ ಮನಿಗೆ ಒಂದು ರೂಪಾಯಿ ಹಾಕಂಗಿಲ್ಲ, ಹಾಕದಿದ್ರ ಮನಿ ಬೀಳತಾವು. ಸ್ಥಳಾಂತರ ಮಾಡೂದಿದ್ರ ತೇದಿ, ಜಾಗ, ರೊಕ್ಕ ಹೇಳಿ ಮಾಡಬೇಕು. ಇಲ್ಲಾಂದ್ರ ಇದ್ದ ಮನಿ ಇದ್ದಂಗ ಚೊಲೊ ಇಟ್ಕೊಳ್ಳಾಕ ಕೈಹಿಡೀಬೇಕು, ಸವಳು ಹಾಕೂ ಖರ್ಚಾದ್ರೂ.

ಗುಡಿ ಮುಂದಿನ ನೀಲಿ ಬೋರ್ಡಿನ ಮ್ಯಾಲೆ ಶಿಕ್ಷೆ ಎಷ್ಟು ಅಂತ ಬರದೈತಿ, ರಿಪೇರಿಗೆ ಅರ್ಜಿ ಎಲ್ಲಿ ಹಾಕೂದು ಅಂತ ಇಲ್ಲ. ಎರಡು ಸಾಲು ಕನ್ನಡದಾಗ ಬರದ್ರ ಸಾಕಿತ್ತು.

ನಮ್ಮ ಫೈಲು ಈಗ ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ಮಾವ ಓಣಿಯವ್ರಿಗೆಲ್ಲಾ ತೋರಸತಾರ. ಮೂರು ಮನಿಯವ್ರು ಅದನ್ನ ನೋಡಿ ಅರ್ಜಿ ಹಾಕ್ಯಾರ, ಒಬ್ರಿಗೆ ಪರವಾನಗಿ ಬಂತು, ಒಬ್ರದ್ದು ಇನ್ನೂ ನಡದೈತಿ, ಇನ್ನೊಬ್ರದ್ದು ಪುರಾವೆ ಸಾಲಂಗಿಲ್ಲ ಅಂತ ವಾಪಸ್ ಬಂದೈತಿ. ಆ ಮನಿಯ ಅಕ್ಕಾರು ಹೋದ ವಾರ ನಮ್ಮವ್ವಗ ಫೋನ್ ಮಾಡಿದ್ರು, ಅವ್ವನ ಮದಿವಿ ದಿನ ತಗದ ಬ್ಯಾರೆ ಫೋಟೋ ಏನರ ಅದಾವೇನು, ಮೆರವಣಿಗಿ ಅವ್ರ ಮನಿ ಮುಂದನ ಹಾದು ಹೋಗಿತ್ತಲ್ಲ ಅಂತ. ಅವ್ವ ಟ್ರಂಕು ಮತ್ತ ತಗದಾರ.